ಸ್ಮಾರ್ಟ್ ಬೋರ್ಡಿನ ಎರಡನೇ ವರ್ಷ

ತಾಲ್ಲೂಕು ಕೇಂದ್ರದಿಂದ ಹನ್ನೆರಡು ಕಿಲೋಮೀಟರ್ ಆಚೆ ಇರುವ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಕೆಲವು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಅಲ್ಲಿ ಮೊದಲ ಮಹಡಿಯ ಕೊನೆಯ ಕೋಣೆಯೇ 'ಸ್ಮಾರ್ಟ್ ಕ್ಲಾಸ್'. ಒಳಗಿದ್ದ ಸ್ಮಾರ್ಟ್ ಬೋರ್ಡಿಗೆ ಧೂಳು ಕೂರಬಾರದು ಅಂತ ಹಿಂದಿನ ವಾರ್ಷಿಕೋತ್ಸವದ ಬ್ಯಾನರ್ ಹೊದಿಸಿದ್ದರು. ಬೀಗದ ಕೈ ಆಫೀಸಿನ ಬೀರುವಿನಲ್ಲಿ ಇರುತ್ತಿತ್ತು. ಕಾಲೇಜುಗಳ ಗುಣಮಟ್ಟ ನೋಡಿ ಶ್ರೇಣಿ ಕೊಡುವ ನ್ಯಾಕ್ ತಂಡ ಬರುವ ವಾರ ಬ್ಯಾನರ್ ತೆಗೆದು, ಒರೆಸಿ, ಆನ್ ಮಾಡಿದೆವು. ಆನ್ ಏನೋ ಆಯಿತು. ಆದರೆ ಪೆನ್ನು ಇಟ್ಟ ಕಡೆ ಗೆರೆ ಬೀಳಲಿಲ್ಲ, ನಾಲ್ಕು ಬೆರಳು ಆಚೆ ಬಿತ್ತು. ಸರಿ ಮಾಡಬೇಕಾದವರ ವಾರಂಟಿ ಯಾವಾಗಲೋ ಮುಗಿದಿತ್ತು. ಕೊನೆಗೆ ಅದರ ಮೇಲೆ ಬರೆಯುವುದೇ ಬೇಡ, ಪಿಪಿಟಿ ತೋರಿಸಿದರೆ ಸಾಕು ಅಂತ ತೀರ್ಮಾನ ಆಯಿತು. ತಂಡದವರು ಬಂದರು, ನೋಡಿದರು, 'ಐಸಿಟಿ (ಮಾಹಿತಿ ತಂತ್ರಜ್ಞಾನ) ಸೌಲಭ್ಯ ಇರುವ ಕೋಣೆ' ಲೆಕ್ಕಕ್ಕೆ ಸೇರಿತು. ಮರುದಿನ ಬ್ಯಾನರ್ ಮತ್ತೆ ಮೇಲೇರಿತು.

ಅದೇ ತಿಂಗಳು ಒಂದು ಗೂಗಲ್ ಫಾರ್ಮ್ ಕೂಡ ಬಂದಿತ್ತು. ಹೊಸ ಬೋಧನಾ ತಂತ್ರಜ್ಞಾನ ಅಳವಡಿಸಿಕೊಳ್ಳಲು ನೀವು ಎಷ್ಟರ ಮಟ್ಟಿಗೆ ಸಿದ್ಧ, 1ರಿಂದ 5ರ ಒಳಗೆ ಅಂಕ ಕೊಡಿ. ಸ್ಟಾಫ್ ರೂಮಿನಲ್ಲಿ ಕೂತು ಹೆಚ್ಚು ಕಡಿಮೆ ಎಲ್ಲರೂ 4 ಒತ್ತಿದೆವು. 5 ಒತ್ತಿದರೆ ಕೆಲಸ ತಲೆಗೆ ಕಟ್ಟುತ್ತಾರೆ, 3 ಒತ್ತಿದರೆ ಟ್ರೈನಿಂಗ್‌ಗೆ ಕಳಿಸುತ್ತಾರೆ. ಹಳ್ಳಿ ಕಾಲೇಜುಗಳ 'ಸಿದ್ಧತೆ'ಯ ಬಗ್ಗೆ ಬರುವ ಅಂಕಿಗಳಲ್ಲಿ ಇಂಥ 4ಗಳು ಎಷ್ಟಿರಬಹುದು ಅಂತ ನನಗೆ ಆಗಾಗ ಅನುಮಾನ ಬರುತ್ತದೆ.

ಈ ತರಹದ ಪ್ರಶ್ನಾವಳಿಗಳಿಗೆ ಒಂದು ಹಿನ್ನೆಲೆ ಇದೆ. ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಅನ್ನುವುದಕ್ಕೆ ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಒಂದು ಸರಳ ಉತ್ತರ ಕೊಟ್ಟರು. ಇದು ಉಪಯೋಗಕ್ಕೆ ಬರುತ್ತದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು. 2000ದಲ್ಲಿ ಎ. ಪರಸುರಾಮನ್ 'ತಂತ್ರಜ್ಞಾನ ಸಿದ್ಧತೆ'ಯನ್ನು ಅಳೆಯಲು ಒಂದು ಮಾಪಕವನ್ನೇ ಮಾಡಿದರು. ಅದರಲ್ಲಿ ನಾಲ್ಕು ಅಂಶ: ಭರವಸೆ, ಹೊಸದನ್ನು ಮೊದಲು ಹಿಡಿಯುವ ಉತ್ಸಾಹ, ಮುಜುಗರ, ಅಭದ್ರತೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಎರಡೂ ನೋಡುವುದು ಮನುಷ್ಯನ ತಲೆಯೊಳಗೆ. ಕರೆಂಟು, ಬೀಗದ ಕೈ, ಬಸ್ಸಿನ ಟೈಮು ತಲೆಯೊಳಗೆ ಇರುವುದಿಲ್ಲವಲ್ಲ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಜೊತೆಗಾರರು ಮಾಡಿದ ಮಾದರಿಯಲ್ಲಿ 'ಅನುಕೂಲದ ಪರಿಸ್ಥಿತಿ' ಅಂತ ಒಂದು ಅಂಶ ಸೇರಿತು, ಅಂದರೆ ಬಳಸಲು ಬೇಕಾದ ಸೌಲಭ್ಯ, ನೆರವು ಕೈಗೆ ಸಿಗುತ್ತದೆಯೇ ಅನ್ನುವುದು. ಹಳ್ಳಿ ಕಾಲೇಜಿನ ಕತೆ ಮುಕ್ಕಾಲು ಪಾಲು ಆ ಒಂದು ಮಾತಿನ ಒಳಗೇ ಇದೆ.

ಮೇಷ್ಟ್ರುಗಳಿಗೆ ಮನಸ್ಸಿಲ್ಲ, ಹಳೇ ಕಾಲದವರು, ಚಾಕ್‌ಪೀಸ್ ಬಿಡಲ್ಲ. ಇದು ಸಾಮಾನ್ಯವಾಗಿ ಕೇಳುವ ದೂರು. ನಾನು ಒಪ್ಪುವುದಿಲ್ಲ. 2021ರಲ್ಲಿ ಪ್ರವೇಶ, ಪರೀಕ್ಷೆ, ಅಂಕ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಜಾಲತಾಣಕ್ಕೆ ಸೇರತೊಡಗಿದಾಗ ನಿವೃತ್ತಿಗೆ ಎರಡು ವರ್ಷ ಇದ್ದವರೂ ಕಲಿತರು. ಬೇರೆ ದಾರಿ ಇರಲಿಲ್ಲ, ಕಲಿತರು. ಇನ್ನೊಂದನ್ನು ಯಾರೂ ಹೇಳದೆಯೇ ಕಲಿತರು: ವಾಟ್ಸ್‌ಆ್ಯಪ್. ಇವತ್ತು ಪ್ರತಿ ಕ್ಲಾಸಿಗೂ ಒಂದು ಗ್ರೂಪ್ ಇದೆ. ನೋಟ್ಸ್ ಫೋಟೊ, ಹಳೆ ಪ್ರಶ್ನೆಪತ್ರಿಕೆಯ ಪಿಡಿಎಫ್, 'ನಾಳೆ ಐಎ ಟೆಸ್ಟ್ ಇದೆ' ಅನ್ನುವ ಸಂದೇಶ ಎಲ್ಲಾ ಅಲ್ಲೇ. ನಮ್ಮ ರಾಜ್ಯಶಾಸ್ತ್ರದ ಮೇಡಂ ಪ್ರತಿ ಅಧ್ಯಾಯಕ್ಕೂ ಎಂಟು ನಿಮಿಷದ ವಾಯ್ಸ್ ನೋಟ್ ಮಾಡಿ ಹಾಕುತ್ತಿದ್ದರು, ಕನ್ನಡದಲ್ಲಿ, ಪಾಠ ಮಾಡುವ ಅದೇ ಧಾಟಿಯಲ್ಲಿ. ಹುಡುಗಿಯರು ಬಸ್ಸಿನಲ್ಲಿ ನಿಂತುಕೊಂಡೇ ಕಿವಿಗೆ ಇಯರ್‌ಫೋನ್ ಹಾಕಿ ಕೇಳುತ್ತಿದ್ದರು. ಮೇಡಂಗೆ ಯಾವ ತರಬೇತಿಯೂ ಆಗಿರಲಿಲ್ಲ. ಅದು ನ್ಯಾಕ್ ವರದಿಗೂ ಹೋಗಲಿಲ್ಲ. ಅದನ್ನು ಯಾವ ಕಾಲಂನಲ್ಲಿ ಬರೆಯುವುದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಹಾಗಾದರೆ ವಾಟ್ಸ್‌ಆ್ಯಪ್ ಯಾಕೆ ಉಳಿಯಿತು, ಸ್ಮಾರ್ಟ್ ಬೋರ್ಡು ಯಾಕೆ ಬ್ಯಾನರ್ ಹೊದ್ದು ಮಲಗಿತು? ಹೊಸ ಸಾಧನ ಯಾವುದೇ ಇರಲಿ, ಮೊದಲ ವರ್ಷ ಅದು ನಡೆದೇ ನಡೆಯುತ್ತದೆ. ಉದ್ಘಾಟನೆ ಇರುತ್ತದೆ, ಕಂಪನಿ ಹುಡುಗ ಬಂದು ಹೇಳಿಕೊಡುತ್ತಾನೆ, ವಾರಂಟಿ ಇರುತ್ತದೆ. ನಿಜವಾದ ಪರೀಕ್ಷೆ ಎರಡನೇ ವರ್ಷ. ಆ ಹೊತ್ತಿಗೆ ಕಂಪನಿ ಹುಡುಗ ಕೆಲಸ ಬಿಟ್ಟಿರುತ್ತಾನೆ, ತರಬೇತಿ ಪಡೆದ ಮೇಷ್ಟ್ರು ವರ್ಗ ಆಗಿರುತ್ತಾರೆ, ಯುಪಿಎಸ್ ಬ್ಯಾಟರಿ ಸೊರಗಿರುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಕೊಳ್ಳುವುದಕ್ಕೆ ದುಡ್ಡಿದೆ, ರಿಪೇರಿಗೆ ಇಲ್ಲ. ವಾಟ್ಸ್‌ಆ್ಯಪಿನ ರಿಪೇರಿ ಕಾಲೇಜಿನ ತಲೆನೋವಲ್ಲ, ಫೋನು ಅವರವರದೇ. ಅದಕ್ಕೇ ಅದಕ್ಕೆ ಎರಡನೇ ವರ್ಷವೂ ಬಂತು, ಹತ್ತನೇ ವರ್ಷವೂ ಬಂತು.

ಇದು ಇವತ್ತಿನ ಕತೆಯಲ್ಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಡುಸ್ಯಾಟ್ ಹಾರಿತು. ಬರೀ ಶಿಕ್ಷಣಕ್ಕಾಗಿಯೇ ದೇಶ ಹಾರಿಸಿದ ಮೊದಲ ಉಪಗ್ರಹ ಅದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಜಿನಿಯರಿಂಗ್ ಕಾಲೇಜುಗಳಿಗೂ ಬಂತು. ಬೆಂಗಳೂರಿನಲ್ಲೋ ಬೇರೆಲ್ಲೋ ಒಬ್ಬ ಒಳ್ಳೆಯ ಮೇಷ್ಟ್ರು ಪಾಠ ಮಾಡಿದರೆ ಕೊಳ್ಳೇಗಾಲದ ಆಚೆಯ ಮಗುವೂ ಕೇಳಬಹುದು. ಕಲ್ಪನೆ ಸೊಗಸಾಗಿತ್ತು. ಆದರೆ ಡಿಶ್ ವಾಲಿದರೆ ಏರಿ ಸರಿ ಮಾಡುವವರು ಯಾರು? ಪ್ರಸಾರದ ಸಮಯಕ್ಕೇ ಕರೆಂಟು ಹೋದರೆ? ಪ್ರಸಾರ ಮತ್ತೆ ಬರುವುದಿಲ್ಲ. 2010ರಲ್ಲಿ ಉಪಗ್ರಹದ ಆಯಸ್ಸೇ ಮುಗಿಯಿತು. ಛಾವಣಿ ಮೇಲಿನ ಡಿಶ್‌ಗಳಿಗೆ ಮಾತ್ರ ಯಾರೂ ನಿವೃತ್ತಿ ಕೊಡಲಿಲ್ಲ. ಅಂಥ ಒಂದು ಡಿಶ್‌ನಲ್ಲಿ ಪಾರಿವಾಳ ಗೂಡು ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಕೋವಿಡ್ ಬಂದಾಗ ಇದೇ ಪಾಠವನ್ನು ಇನ್ನೂ ದೊಡ್ಡದಾಗಿ ಓದಿದೆವು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಕಲಿಕೆಯ ಜಾಲತಾಣವಾದ ಕರ್ನಾಟಕ ಎಲ್‌ಎಂಎಸ್ ಶುರು ಮಾಡಿತು. 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜು ಅದರ ವ್ಯಾಪ್ತಿಗೆ ಬಂದವು. ಅದೇ ಜೂನ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಕೆಲಸಕ್ಕೆ ಚಾಲನೆ ಸಿಕ್ಕಿತು. ಅದೇ ತಿಂಗಳು ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲಾ ಕಡೆ ಓಡಾಡಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವ ಹುಡುಗಿ, ಸುರಿಯುವ ಮಳೆಯಲ್ಲಿ ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಹಳ್ಳಿಯವರಿಗೆ ತಂತ್ರಜ್ಞಾನದ ಬಗ್ಗೆ ಮನಸ್ಸಿದೆಯೇ ಅಂತ ಕೇಳುವವರು ಆ ಫೋಟೊ ಒಮ್ಮೆ ನೋಡಬೇಕು.

ಟ್ಯಾಬ್ ಪಡೆದವರು ಪದವಿ ಮುಗಿಸಿ ಟ್ಯಾಬ್ ಸಮೇತ ಹೋದರು. ಅದು ಸರಿಯೇ, ಅವರದ್ದು. ಅವರ ಹಿಂದೆ ಬಂದವರ ಕೈಯಲ್ಲಿ ನಾನು ಕಂಡಿದ್ದು ಅಣ್ಣ ಬಳಸಿ ಬಿಟ್ಟ ಹಳೆ ಫೋನು. ಪರದೆ ಸೀಳಿದೆ, ಮೆಮೊರಿ ತುಂಬಿದೆ. ಎಲ್‌ಎಂಎಸ್‌ಗೆ ಲಾಗಿನ್ ಐಡಿ ಬೇಕು, ಪಾಸ್‌ವರ್ಡ್ ಬೇಕು. ಮರೆತರೆ ರೀಸೆಟ್ ಮಾಡಲು ಇಮೇಲ್ ಬೇಕು. ಇಮೇಲ್ ಮಾಡಿಕೊಟ್ಟಿದ್ದು ಅಡ್ಮಿಷನ್ ಟೈಮಲ್ಲಿ ಸೈಬರ್ ಸೆಂಟರ್‌ನವನು, ಅದರ ಪಾಸ್‌ವರ್ಡೂ ಅವನಿಗೇ ಗೊತ್ತು. ಇದು ನಗುವ ಮಾತಲ್ಲ, ಪ್ರತಿ ವರ್ಷ ಜೂನ್–ಜುಲೈನಲ್ಲಿ ನಡೆಯುವ ಸಂಗತಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್‌ನೆಟ್ ಸೌಲಭ್ಯ ಶೇ 14.9ರಲ್ಲಿ. ಆಮೇಲೆ ಇಂಟರ್‌ನೆಟ್ ಬಂತು, ಆದರೆ ಅದು ಫೋನಿನ ಮೂಲಕ ಬಂತು. ಪಾಠದ ಜಾಲತಾಣ ಮಾಡುವವರು ಲ್ಯಾಪ್‌ಟಾಪ್ ಮುಂದೆ ಕೂತು ಮಾಡುತ್ತಾರೆ. ನೋಡುವವರು ಅಂಗೈ ಅಗಲದ ಪರದೆಯಲ್ಲಿ ನೋಡುತ್ತಾರೆ.

ಆ ಫೋನೂ ಯಾರದ್ದು ಅನ್ನುವುದು ಮುಖ್ಯ. ಸಂಜೆ ಮನೆಗೆ ಹೋದ ಮೇಲೆ ಮಗಳ ಫೋನು ಬಹಳಷ್ಟು ಕಡೆ ಮನೆ ಫೋನಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇನೆ ಅಂದ ಗಂಡಸರು ದೇಶದಲ್ಲಿ ಶೇ 57.1, ಹೆಂಗಸರು ಶೇ 33.3. ಈಗ ಅಂತರ ಕಮ್ಮಿ ಆಗಿರಬಹುದು, ಆದರೆ ನಮ್ಮ ಕ್ಲಾಸಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ದೂರದ ಊರಿಂದಲೂ ಬರತೊಡಗಿದರು. ಆದರೆ ಮೂರೂವರೆ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. 'ಕ್ಲಾಸ್ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬ್ ಬಳಸಿಕೊಳ್ಳಿ' ಅನ್ನುವ ಸುತ್ತೋಲೆ ಈ ಬಸ್ಸನ್ನು ನೋಡಿ ಬರೆದದ್ದಲ್ಲ.

ಇನ್ನು ಬೀಗದ ಕೈಯ ವಿಷಯ. ಲ್ಯಾಬಿಗೆ ಬೀಗ ಹಾಕುವ ಪ್ರಾಂಶುಪಾಲರನ್ನು ಬೈಯುವುದು ಸುಲಭ. ಆದರೆ ಸರ್ಕಾರಿ ಕಾಲೇಜಿನಲ್ಲಿ ಪ್ರತಿ ವಸ್ತುವೂ ಸ್ಟಾಕ್ ರಿಜಿಸ್ಟರಿನಲ್ಲಿ ಒಬ್ಬರ ಹೆಸರಿನ ಮುಂದೆ ಇರುತ್ತದೆ. ಅವರು ವರ್ಗ ಆಗುವಾಗ ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಒಂದು ಲ್ಯಾಪ್‌ಟಾಪ್ ಕಮ್ಮಿ ಬಿದ್ದರೆ ಆಡಿಟ್‌ನಲ್ಲಿ ಆಕ್ಷೇಪಣೆ, ಸಂಬಳದಿಂದ ವಸೂಲಿಯ ಭಯ. ಬಳಸದೆ ಇಟ್ಟು ಹಾಳಾದರೆ ಯಾರೂ ಕೇಳುವುದಿಲ್ಲ, ಬಳಸಿ ಹಾಳಾದರೆ ಕೇಳುತ್ತಾರೆ. ಈ ಲೆಕ್ಕದಲ್ಲಿ ಬೀಗ ಹಾಕುವುದೇ ಬುದ್ಧಿವಂತಿಕೆ, ಅಲ್ವಾ? ರಿಪೇರಿ ಮಾಡಿಸೋಣ ಅಂದರೆ ಕಾಲೇಜು ಅಭಿವೃದ್ಧಿ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ಕ್ಷೇತ್ರದ ಶಾಸಕರು ಅಧ್ಯಕ್ಷರು, ಅವರ ಬಿಡುವು ನೋಡಿ ಸಭೆ. ನಾಲ್ಕು ಬ್ಯಾಟರಿಗೆ ಅಷ್ಟು ದಿನ ಕಾಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ನ್ಯಾಕ್ ಮಾನದಂಡದಲ್ಲಿ ಎಷ್ಟು ಕೋಣೆಗೆ ಸೌಲಭ್ಯ ಇದೆ, ಎಷ್ಟು ವಿದ್ಯಾರ್ಥಿಗೆ ಒಂದು ಕಂಪ್ಯೂಟರ್, ಇಂಟರ್‌ನೆಟ್ ವೇಗ ಎಷ್ಟು ಅನ್ನುವುದಕ್ಕೆ ಲೆಕ್ಕ ಇತ್ತು. ಕಳೆದ ವಾರ ಆ ಕೋಣೆಯ ಬೀಗ ಎಷ್ಟು ಸಲ ತೆಗೆದಿರಿ ಅಂತ ಕೇಳಿದ್ದರೆ ನಮ್ಮ ಕಾಲೇಜಿನ ಬಣ್ಣ ಐದು ನಿಮಿಷದಲ್ಲಿ ಬಯಲಾಗುತ್ತಿತ್ತು.

ವಸ್ತುವಿಗೆ ಎರಡನೇ ವರ್ಷ ಇಲ್ಲ ಅಂದೆನಲ್ಲ, ಮನುಷ್ಯರಿಗೂ ಇಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಈಚಿನ ವರ್ಷಗಳಲ್ಲಿ ನಡೆಸಿಕೊಂಡು ಬಂದದ್ದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಹಳ್ಳಿ ಕಾಲೇಜಿಗೆ ಹೋದಷ್ಟೂ ಅವರ ಪಾಲು ಜಾಸ್ತಿ, ಯಾಕೆಂದರೆ ಪರ್ಮನೆಂಟ್ ಆದವರು ವರ್ಗ ಮಾಡಿಸಿಕೊಂಡು ಊರ ಕಡೆ, ಪೇಟೆ ಕಡೆ ಸರಿಯುತ್ತಾರೆ. 2022ರ ಜನವರಿಯಲ್ಲಿ ಅತಿಥಿಗಳ ಗೌರವಧನ ಅನುಭವ, ಅರ್ಹತೆ ನೋಡಿ ತಿಂಗಳಿಗೆ 26 ಸಾವಿರದಿಂದ 32 ಸಾವಿರ ರೂಪಾಯಿಯ ನಡುವಿನ ಮೊತ್ತಕ್ಕೆ ಏರಿತು, ವಾರದ ಕೆಲಸ 15 ಗಂಟೆಗೆ ಏರಿತು. 15 ಗಂಟೆ ಅಂದರೆ ಪಾಠದ ಗಂಟೆ. ಒಂದು ಒಳ್ಳೆಯ ವಿಡಿಯೊ ಪಾಠ ಮಾಡಲು ಮನೆಯಲ್ಲಿ ಕೂತು ಕಳೆಯುವ ಆರು ಗಂಟೆ ಅದರಲ್ಲಿ ಇಲ್ಲ. 2023ರ ನವೆಂಬರ್ ಕೊನೆಗೆ ಸೇವೆ ಕಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಕೂತರು. ಹೊಸ ವರ್ಷದ ಹೊತ್ತಿಗೆ ಅದು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆಯಾಯಿತು. ಆ ವಾರಗಳಲ್ಲಿ ಎಷ್ಟೋ ಕಾಲೇಜುಗಳಲ್ಲಿ ಬೆಲ್ ಹೊಡೆಯುವವರು ಇದ್ದರು, ಪಾಠ ಮಾಡುವವರಿರಲಿಲ್ಲ. ಮುಂದಿನ ವರ್ಷ ಇದೇ ಕಾಲೇಜು ಸಿಗುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಹೊಸ ತಂತ್ರಜ್ಞಾನದ ತರಬೇತಿ ಕೊಟ್ಟು 'ಸಿದ್ಧರಿದ್ದೀರಾ' ಅಂತ ಕೇಳುತ್ತೇವೆ. ಅವರು 4 ಒತ್ತುತ್ತಾರೆ.

ಪಠ್ಯಕ್ಕೂ ಹೀಗೇ ಆಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ 'ಡಿಜಿಟಲ್ ಫ್ಲೂಯೆನ್ಸಿ' ಅನ್ನುವ ಹೊಸ ವಿಷಯ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಸೈಬರ್ ಸುರಕ್ಷತೆ ಎಲ್ಲಾ ಅದರಲ್ಲಿ. ಬಿಎ, ಬಿಕಾಂ ಮಾತ್ರ ಇರುವ ಕಾಲೇಜಿನಲ್ಲಿ ಇದನ್ನು ಹೇಳಿಕೊಡುವವರು ಯಾರು? ನಮ್ಮಲ್ಲಿ ಇತಿಹಾಸದ ಮೇಷ್ಟ್ರಿಗೆ ವರ್ಕ್‌ಲೋಡ್ ಎರಡು ಗಂಟೆ ಕಮ್ಮಿ ಬಿದ್ದಿತ್ತು, ಅವರಿಗೆ ಹೋಯಿತು. ಅವರು ಕರಿಹಲಗೆ ಮೇಲೆ ಒಂದು ಮೋಡ ಬರೆದು, ಅದರಿಂದ ನಾಲ್ಕು ಮನೆಗೆ ಗೆರೆ ಎಳೆದು, ಊರಿನ ಓವರ್‌ಹೆಡ್ ಟ್ಯಾಂಕಿನ ನೀರಿನ ಉದಾಹರಣೆ ಕೊಟ್ಟು ಕ್ಲೌಡ್ ಕಂಪ್ಯೂಟಿಂಗ್ ವಿವರಿಸಿದರು. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಾನು ಕೇಳಿದ ವಿವರಣೆಗಳಲ್ಲಿ ಅದೇ ಚೆನ್ನಾಗಿತ್ತು. ಅವರ ನೋಟ್ಸ್ ಹದಕ್ಕೆ ಬರುವ ಹೊತ್ತಿಗೆ 2024ರಲ್ಲಿ ರಾಜ್ಯ ಮತ್ತೆ ಹಳೆಯ ಮೂರು ವರ್ಷದ ಪದವಿಯ ದಾರಿ ಹಿಡಿಯಿತು, ಪಠ್ಯ ಬದಲಾಯಿತು.

ಭಾಷೆಯ ತೊಡಕನ್ನು ಯಾರೂ ಸಿದ್ಧತೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ಜಾಲತಾಣದಲ್ಲಿ ಒಳ್ಳೊಳ್ಳೆಯ ಕೋರ್ಸುಗಳಿವೆ. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಅಲ್ಲಿಂದ ಮಾಡಿಕೊಳ್ಳಬಹುದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಹೇಳಿತು. ಆದರೆ ಬಹುಪಾಲು ಪಾಠ ಇಂಗ್ಲಿಷಿನಲ್ಲಿ, ನಮ್ಮ ಬಿಎ ಮಕ್ಕಳು ಬರೆಯುವುದು ಕನ್ನಡದಲ್ಲಿ. ಅನುವಾದ ಮಾಡುವ ಯಂತ್ರ ಇದೆಯಲ್ಲ ಅನ್ನಬಹುದು. ಒಮ್ಮೆ ಒಬ್ಬ ಹುಡುಗ ಉತ್ತರದಲ್ಲಿ 'ಕನಿಷ್ಠ ಉಪಯುಕ್ತತೆ ಕಡಿಮೆಯಾಗುತ್ತಾ ಹೋಗುವ ನಿಯಮ' ಅಂತ ಬರೆದಿದ್ದ. ನನಗೆ ಒಂದು ನಿಮಿಷ ತಲೆಬುಡ ಗೊತ್ತಾಗಲಿಲ್ಲ. ಅವನು ಹೇಳಬೇಕಿದ್ದದ್ದು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ, ಅಂದರೆ ಒಂದೇ ವಸ್ತುವನ್ನು ಬಳಸುತ್ತಾ ಹೋದಷ್ಟೂ ಪ್ರತಿ ಹೆಚ್ಚುವರಿ ಪಾಲಿನಿಂದ ಸಿಗುವ ತೃಪ್ತಿ ಕಮ್ಮಿ ಆಗುತ್ತದೆ ಅನ್ನುವುದು. 'ಮಾರ್ಜಿನಲ್' ಅನ್ನುವುದನ್ನು ಫೋನು 'ಕನಿಷ್ಠ' ಮಾಡಿತ್ತು. ಪಠ್ಯಪುಸ್ತಕದ 'ತುಷ್ಟಿಗುಣ' ಅವನಿಗೆ ಅರ್ಥವಾಗದ ಮಾತು, ಫೋನಿನ 'ಉಪಯುಕ್ತತೆ' ಅರ್ಥವಾಗುವ ಮಾತು. ಹಾಗಾಗಿ ತಪ್ಪು ಪೂರ್ತಿ ಅವನದ್ದು ಅನ್ನುವುದಕ್ಕೂ ನನಗೆ ಮನಸ್ಸಾಗಲಿಲ್ಲ. ಅಂಕ ಅರ್ಧ ಕೊಟ್ಟೆ.

ಆ ಹುಡುಗನ ಫೋನಿನಲ್ಲಿ ಈಗ ಬರೀ ಅನುವಾದ ಇಲ್ಲ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ, ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದಿತು. ಅಕ್ಟೋಬರ್ ಕೊನೆಗೆ ಜಿಯೊ, ಗೂಗಲ್ ಜೊತೆ ಸೇರಿ ಅಂಥದೇ ಜೆಮಿನಿ ಪ್ರೊ ಹದಿನೆಂಟು ತಿಂಗಳು ಉಚಿತ ಅಂದಿತು, ಅದೂ ಮೊದಲಿಗೆ 18ರಿಂದ 25 ವಯಸ್ಸಿನವರಿಗೆ. ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷಕ್ಕೆ ಬಿಟ್ಟಿ ಸಿಕ್ಕಿತು. 18ರಿಂದ 25 ಅಂದರೆ ನಮ್ಮ ಡಿಗ್ರಿ ಕ್ಲಾಸು. ಯಾವ ಇಲಾಖೆಯೂ ಸಿದ್ಧತೆ ಅಳೆಯಲಿಲ್ಲ, ಯಾವ ತರಬೇತಿಯೂ ನಡೆಯಲಿಲ್ಲ, ಕ್ಲಾಸಿಗೆ ಕ್ಲಾಸೇ ಅಳವಡಿಸಿಕೊಂಡಿತು. ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕು ಅಂತ ಮೇಷ್ಟ್ರು ಹೇಳಿದರೆ, ಫೋನಿನ ಉತ್ತರವನ್ನು ಮುಂದಿಟ್ಟುಕೊಂಡು ದುಂಡಗೆ ನಕಲು ಮಾಡಿ ತರುತ್ತಾರೆ. ಒಂದೇ ಪೀಠಿಕೆ ಇಪ್ಪತ್ತು ಕೈಬರಹದಲ್ಲಿ ಬರುತ್ತದೆ. ಬಿಟ್ಟಿ ಅವಧಿ ಮುಗಿದ ಮೇಲೆ ತಿಂಗಳಿಗೆ ಇಷ್ಟು ಅಂತ ಕೊಡುವವರು ಯಾರು, ಬಿಡುವವರು ಯಾರು? ಅದು ಆ ಕ್ಲಾಸನ್ನು ಎರಡು ಭಾಗ ಮಾಡುತ್ತದೆ. ಈ ಸಾಧನಕ್ಕೂ ಎರಡನೇ ವರ್ಷ ಇದೆ. ಈ ಸಲ ಬಿಲ್ಲು ಬರುವುದು ಕಾಲೇಜಿಗಲ್ಲ, ಹುಡುಗನಿಗೆ.

ಮೇಷ್ಟ್ರುಗಳು ಇದನ್ನು ಬಳಸಿದ್ದು ಕಮ್ಮಿ, ಬೈದದ್ದು ಜಾಸ್ತಿ. ಇಲ್ಲಿ ಮಾತ್ರ ನಮ್ಮ ಕಡೆಯದ್ದೂ ತಪ್ಪಿದೆ. ಪ್ರಶ್ನೆ ಬದಲಿಸದೆ ಉತ್ತರ ಮಾತ್ರ ಹೊಸದಾಗಿರಬೇಕು ಅಂದರೆ ಹೇಗೆ? 'ಬೇಡಿಕೆ ನಿಯಮ ವಿವರಿಸಿ' ಅಂತ ಕೇಳಿದರೆ ಫೋನು ಬರೆದುಕೊಡುತ್ತದೆ. 'ನಿಮ್ಮೂರ ಸಂತೆಯಲ್ಲಿ ಟೊಮೆಟೊ ಬೆಲೆ ಮೂರು ವಾರ ನೋಡಿ ಬರೆಯಿರಿ' ಅಂತ ಕೇಳಿದರೆ ಸಂತೆಗೆ ಹೋಗಲೇಬೇಕು. ಸುಮ್ನೆ ಕೂತು ಬರೆದರೆ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಆ ಸಂತೆಗೆ ಮೇಷ್ಟ್ರೂ ಹೋಗುತ್ತಾರೆ. ಇದಕ್ಕೆ ದುಡ್ಡು ಬೇಡ, ಆದರೆ ಅರವತ್ತು ಉತ್ತರವನ್ನು ಒಂದೊಂದಾಗಿ ಓದುವ ಸಮಯ ಬೇಕು. ಮತ್ತೆ ಆ 15 ಗಂಟೆಯ ಲೆಕ್ಕಕ್ಕೇ ಬಂದು ನಿಲ್ಲುತ್ತೇವೆ.

ನಮ್ಮ ಪಕ್ಕದ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಸ್ಮಾರ್ಟ್ ಬೋರ್ಡ್ ಕೆಟ್ಟಾಗ ಪ್ರಾಂಶುಪಾಲರು ಹೊಸದಕ್ಕೆ ಅರ್ಜಿ ಹಾಕಲಿಲ್ಲ. ಹಳೆ ವಿದ್ಯಾರ್ಥಿಗಳು ದುಡ್ಡು ಹಾಕಿ ಕೊಡಿಸಿದ ಒಂದು ಸಾಮಾನ್ಯ ಟಿವಿಯನ್ನು ಗೋಡೆಗೆ ಹಾಕಿಸಿದರು. ಮನೆಯಲ್ಲಿ ಇರುವಂಥದ್ದೇ. ಪ್ರೊಜೆಕ್ಟರಿನ ಹಾಗೆ ಕರೆಂಟು ಹೋಗಿ ಬಂದರೆ ದೀಪ ತಣ್ಣಗಾಗುವ ತನಕ ಕಾಯಬೇಕಾಗಿಲ್ಲ, ಕೆಟ್ಟರೆ ಊರಿನ ಟಿವಿ ರಿಪೇರಿಯವನೇ ಬರುತ್ತಾನೆ. ಕೋಣೆಯ ಬೀಗದ ಕೈ ಎರಡನೇ ಬಿಎ ಕ್ಲಾಸಿನ ಪ್ರತಿನಿಧಿ (ಸಿಆರ್) ಹುಡುಗಿ ಹತ್ತಿರ ಇದೆ. ಅವಳು ಒಂದು ನೋಟ್‌ಬುಕ್ಕಿನಲ್ಲಿ ತೆಗೆದ ಹೊತ್ತು, ಹಾಕಿದ ಹೊತ್ತು ಬರೆದಿಡುತ್ತಾಳೆ. ನಾನು ಹೋದಾಗ ಆ ನೋಟ್‌ಬುಕ್ ಮುಗಿದು ಎರಡನೆಯದು ಶುರುವಾಗಿತ್ತು. ಮೂರು ವರ್ಷದಲ್ಲಿ ಹಾಳಾದದ್ದು ಒಂದು ಎಚ್‌ಡಿಎಂಐ ಕೇಬಲ್. ಹುಡುಗರೇ ಹತ್ತು ಹತ್ತು ರೂಪಾಯಿ ಹಾಕಿ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಿಂದ ಹೊಸದು ತಂದಿದ್ದರು. ಅದಕ್ಕೆ ರಸೀತಿ ಇರಲಿಲ್ಲ, ಸ್ಟಾಕ್ ರಿಜಿಸ್ಟರಿಗೂ ಅದು ಏರಿಲ್ಲ.